ಹರಳು ಹೇಳಿದ ಚಾಡಿ

ಬನ್ನಿಗೇರಿ, ತಾ. ಬಸವನ ಬಾಗೇವಾಡಿ
13 ಜನವರಿ 2025

ಚಿ. ದಾನೇಶ್ವರಿಗೆ,

ನಿನ್ನ ಪೆಟ್ಟಿಗೆ ಮುಟ್ಟಿತು. ತಂದುಕೊಟ್ಟ ಬಸ್ಸಿನ ಕಂಡಕ್ಟರ್ ಅದನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ, "ಬಾಂಬ್ ಅಲ್ಲಲ್ರಿ ಮಾಸ್ತರ?" ಎಂದ. ಅಲ್ಲ, ಆದರೆ ಕೆಲವರ ಬುಡಕ್ಕೆ ಇಡುವವನಿದ್ದೇನೆ ಎಂದೆ. ಅವನು ನಗಲಿಲ್ಲ. ನಾನೂ ನಗಿಸಲು ಹೇಳಿರಲಿಲ್ಲ.

ನವೆಂಬರಿನಲ್ಲಿ ನಮ್ಮ ಹೈಸ್ಕೂಲಿನ ಎರಡು ಕಂಪ್ಯೂಟರ್ ಸುಟ್ಟವು. ಡಿಸೆಂಬರಿನಲ್ಲಿ ನಮ್ಮ ಮನೆಯ ಫ್ರಿಜ್ ಹೋಯಿತು. ಊರಿಗೆ ಬರುವ ವೋಲ್ಟೇಜ್ ನೆಟ್ಟಗಿಲ್ಲ ಎಂದು ಕರೆಂಟ್ ಆಫೀಸಿಗೆ ಹೋಗಿ ಹೇಳಿದರೆ, ವೋಲ್ಟೇಜ್ ಸರಿ ಇದೆ, ನಿಮ್ಮ ಫ್ರಿಜ್ಜಿನ ಆಯುಷ್ಯ ತೀರಿತ್ತು ಎಂದು ಜಾತಕ ನೋಡಿದವರಂತೆ ಹೇಳಿ ಕಳಿಸಿದರು. ಮೂವತ್ತೊಂದು ವರ್ಷ ಮಕ್ಕಳಿಗೆ ವಿಭವಾಂತರ ಕಲಿಸಿದ ಮಾಸ್ತರನಿಗೆ ಸಿಕ್ಕ ವೈಭವ ಇದು.

ಆಗ ನೆನಪಾದವಳು ನೀನು. ಸೋದರಮಾವ ಗುರಲಿಂಗಪ್ಪನ ಗಿರಣಿಯಲ್ಲಿ ಬೆಳೆದು, ಜಡೆಗೆಲ್ಲ ಹಿಟ್ಟು ಮೆತ್ತಿಕೊಂಡು ಶಾಲೆಗೆ ಬರುತ್ತಿದ್ದ ಹುಡುಗಿ. ನಿನ್ನನ್ನು ದಾನೇಶ್ವರಿ ಎನ್ನದೆ ಧಾನ್ಯೇಶ್ವರಿ ಎಂದು ಕರೆದು ಇಡೀ ವರ್ಗವನ್ನು ನಗಿಸಿದವನು ನಾನೇ. ಆ ಹುಡುಗಿ ಈಗ ಇಂಡಿ ಪಟ್ಟಣದ ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುತ್ತಾಳೆ, ಕೈಗಡಿಯಾರದೊಳಗಿನ ಹರಳಿನಿಂದ ವೋಲ್ಟೇಜ್ ಅಳೆಯುವ ಪೆಟ್ಟಿಗೆ ಮಾಡಿ ಅದರ ಮೇಲೆ ಪಿಎಚ್.ಡಿ. ಬರೆಯುತ್ತಾಳೆ ಎಂದು ಕೇಳಿದಾಗ ನನ್ನ ಎದೆಯೂ ಒಂದಿಂಚು ಅಗಲವಾಯಿತು. ನಾನು ಕೇಳಿದ ಕೂಡಲೇ ಒಂದು ಪೆಟ್ಟಿಗೆ ಕಳಿಸಿದೆಯಲ್ಲ, ದೊಡ್ಡ ಉಪಕಾರವಾಯಿತು.

ನೀನು ಚೀಟಿಯಲ್ಲಿ ಬರೆದ ಹಾಗೆ ತೇವ ಇಲ್ಲದ, ಇಲಿ ಹತ್ತದ, ಒಣ ಜಾಗ ಹುಡುಕಿ, ಮೊಳೆ ಹೊಡೆದು ತೂಗುಹಾಕಿ ಪ್ಲಗ್ಗಿಗೆ ಸಿಕ್ಕಿಸಿದ್ದೇನೆ. ನಮ್ಮ ಮನೆಯಲ್ಲಿ ಅದಕ್ಕಿಂತ ಒಣ ಜಾಗ ಮತ್ತೊಂದಿಲ್ಲ. ಮನೆ ನಡೆಸುವ ನಮ್ಮಕ್ಕ ಅಂಬುಬಾಯಿ ಮಾತ್ರ, "ಇದೊಂದು ಕಮ್ಮಿ ಇತ್ತು ನೋಡು" ಎಂದಳು.

ಆಗಾಗ ಪೆಟ್ಟಿಗೆಯ ಮೆಮೊರಿ ಕಾರ್ಡು ತೆಗೆದು ಲಕೋಟೆಯಲ್ಲಿಟ್ಟು ಕಳಿಸುತ್ತೇನೆ. ಅದರ ಜೊತೆಗೆ ಪತ್ರಕ್ಕೂ ಜಾಗ ಇರುತ್ತದೆ. ಫೋನ್ ಮಾಡಬೇಡ. ಫೋನಿನಲ್ಲಿ ಬೈದ ಬೈಗುಳ ಅಲ್ಲೇ ತಣ್ಣಗಾಗುತ್ತದೆ, ಬರೆದದ್ದು ನಾಲ್ಕು ದಿನ ಬಾಳಿಕೆ ಬರುತ್ತದೆ.

ಊರಿನ ಪರವಾಗಿ ಸೆಟೆದು ನಿಂತಿರುವ,
ಹೃಷೀಕೇಶ ಮಾಸ್ತರ

*

ಇಂಡಿ
20 ಜನವರಿ 2025

ಪೂಜ್ಯ ಗುರುಗಳಿಗೆ,

ಧಾನ್ಯೇಶ್ವರಿಯ ನಮಸ್ಕಾರಗಳು. ಆ ಹೆಸರಿಗೆ ಒಂಬತ್ತನೇ ಇಯತ್ತೆಯಲ್ಲಿ ಅತ್ತಿದ್ದೆ. ಈಗ ನಗು ಬಂತು, ಆದ್ದರಿಂದ ಮಾಫಿ.

ಪೆಟ್ಟಿಗೆಯೊಳಗಿನ ಹರಳು ಸೆಕೆಂಡಿಗೆ ಮೂವತ್ತೆರಡು ಸಾವಿರ ಸಲಕ್ಕೂ ಹೆಚ್ಚು ನಡುಗುತ್ತದೆ. ಅದರ ಮೇಲಿನ ವೋಲ್ಟೇಜ್ ಬದಲಾದರೆ ನಡುಕದ ವೇಗ ಕೂದಲೆಳೆಯಷ್ಟು ಬದಲಾಗುತ್ತದೆ. ಆ ಕೂದಲೆಳೆಯನ್ನು ಎಣಿಸಿ, ಇಷ್ಟು ನಿಧಾನವಾದರೆ ಇಷ್ಟು ವೋಲ್ಟ್ ಕಡಿಮೆ ಎಂದು ಲೆಕ್ಕ ಹಾಕಿ, ಕಿಟಕಿಯಂಥ ಗಾಜಿನಲ್ಲಿ ತೋರಿಸುತ್ತದೆ. ನಮ್ಮ ಪ್ರಯೋಗಾಲಯದಲ್ಲಿ ಎರಡು ತಿಂಗಳು ಒಂದು ವೋಲ್ಟೂ ತಪ್ಪಿಲ್ಲ. ಒಂದೆರಡು ಸಣ್ಣ ಪರೀಕ್ಷೆ ಬಾಕಿ ಇವೆ, ಅವೇನೂ ದೊಡ್ಡವಲ್ಲ.

ಒಂದೇ ವಿನಂತಿ. ಮೂರು ತಿಂಗಳು ಇದರ ಅಂಕಿಗಳನ್ನು ಯಾರಿಗೂ ತೋರಿಸಬೇಡಿ. ಇದು ಇನ್ನೂ ಕಲಿಯುವ ಪೆಟ್ಟಿಗೆ.

ಮಾವ ಹೇಗಿದ್ದಾರೆ? ಗಿರಣಿಯ ಕಡೆ ಹೋದರೆ ನಾನು ಕೇಳಿದೆ ಎಂದು ಹೇಳಿ.

ತಮ್ಮ ವಿದ್ಯಾರ್ಥಿನಿ,
ದಾನೇಶ್ವರಿ

*

ಬನ್ನಿಗೇರಿ
12 ಫೆಬ್ರವರಿ 2025

ಚಿ. ದಾನೇಶ್ವರಿಗೆ,

ಕಳ್ಳ ಸಿಕ್ಕ. ಆಫೀಸಿನಲ್ಲಿ ಹುಡುಕುತ್ತಿದ್ದೆ, ಅವನು ನಮ್ಮ ಓಣಿಯಲ್ಲೇ ಇದ್ದ.

ನಿನ್ನ ಕಾರ್ಡಿನಲ್ಲಿ ನೋಡಿಕೋ. ದಿನವಿಡೀ ಇನ್ನೂರಾ ಇಪ್ಪತ್ತೆಂಟು, ಮೂವತ್ತು. ಬೆಳಗ್ಗೆ ಒಂಬತ್ತಕ್ಕೆ ಇಳಿಯಲು ಶುರುವಾಗಿ ಹತ್ತೂವರೆಗೆ ಇನ್ನೂರಕ್ಕೆ ಬಂದು ಕೂರುತ್ತದೆ. ಮತ್ತೆ ಸಂಜೆ ಆರೂವರೆಯಿಂದ ಎಂಟು. ಈ ಎರಡು ಹೊತ್ತಿನಲ್ಲಿ ಊರಿನಲ್ಲಿ ಏನು ನಡೆಯುತ್ತದೆ, ಹೇಳು ನೋಡೋಣ. ನಿನ್ನ ಮಾವನ ಗಿರಣಿ ನಡೆಯುತ್ತದೆ. ಹೆಂಗಸರು ಜೋಳದ ಡಬ್ಬಿ ಹೊತ್ತು ಸಾಲು ಹಚ್ಚುವುದೇ ಆ ಹೊತ್ತಿಗೆ. ಮೀಟರಿಗೆಂದು ಕರೆಂಟ್ ಆಫೀಸಿನಲ್ಲಿ ಬರೆಸಿದ್ದಕ್ಕಿಂತ ದೊಡ್ಡ ಮೋಟಾರು ಕೂರಿಸಿದ್ದಾನೆ, ಊರ ಕರೆಂಟನ್ನು ಜಗ್ಗಿ ಕುಡಿಯುತ್ತಿದ್ದಾನೆ. ಅವನು ಬೀಸುವುದು ಜೋಳ ಅಲ್ಲ, ನಮ್ಮ ಕಂಪ್ಯೂಟರ್, ನಮ್ಮ ಫ್ರಿಜ್. ಇಷ್ಟು ದಿನದಲ್ಲಿ ಒಂದೆರಡು ದಿನ ಮಾತ್ರ ಇಳಿದಿಲ್ಲ. ಅವತ್ತು ಎಲ್ಲಿಗೋ ಹೋಗಿರಬೇಕು.

ತೋರಿಸಬೇಡಿ ಎಂದು ನೀನು ಹೇಳಿದ್ದೆ. ತೋರಿಸಿದೆ. ಗ್ರಾಫ್ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ತೆಗೆದು ಹಣಮಂತ ದೇವರ ಗುಡಿಯ ಕಟ್ಟೆಗೆ ಅಂಟಿಸಿದ್ದೇನೆ. ಎಷ್ಟು ಚೆಂದ ಬಂದಿದೆ ಎಂದರೆ ಓದಲು ಬಾರದವರೂ ಬೆರಳಿಟ್ಟು ಆ ಎರಡು ಗುಂಡಿಗಳನ್ನು ತೋರಿಸುತ್ತಾರೆ. ಈಗ ಎಲ್ಲರಿಗೂ ಆ ಹೊತ್ತಿಗೆ ದೀಪ ಮಂಕಾಗಿ ಕಾಣುತ್ತಿದೆ. ನಿನ್ನೆ ಹಾಲಿನ ರಾವಸಾಬ, ಗಿರಣಿ ಶುರುವಾದ ಕೂಡಲೇ ತನ್ನ ಎಮ್ಮೆ ಹಾಲು ಏರಿಸುತ್ತದೆ, ಹಿಂಡಗೊಡುವುದಿಲ್ಲ ಎಂದ. ಅದಕ್ಕೆ ನಾನು ಜವಾಬ್ದಾರನಲ್ಲ.

ನಿನಗೆ ಬೇಸರವಾಗುತ್ತದೆ ಎಂದು ಗೊತ್ತು. ಆದರೆ ಹರಳಿನ ನಡುಕಕ್ಕೆ ನಾವು ಹೇಳುವ ಅನುರಣನ ಎಂಬ ಶಬ್ದದಲ್ಲಿಯೇ ರಣ ಅಡಗಿದೆ. ಹರಳಿಗೆ ಮಾವ, ಅಳಿಯ ಎಂಬ ಭೇದ ಇಲ್ಲ.

ಹೃಷೀಕೇಶ ಮಾಸ್ತರ

*

ಇಂಡಿ
18 ಫೆಬ್ರವರಿ 2025

ಗುರುಗಳಿಗೆ,

ತಮ್ಮ ಪತ್ರವನ್ನು ಎರಡು ಸಲ ಓದಿದೆ. ಒಂದು ಸಲ ಶಿಷ್ಯಳಾಗಿ, ಒಂದು ಸಲ ಮಾವನ ಸೋದರಸೊಸೆಯಾಗಿ.

ಮೂರು ತಿಂಗಳು ತೋರಿಸಬೇಡಿ ಎಂದು ಕೇಳಿದ್ದೆ. ತಾವು ನಾಲ್ಕು ವಾರವೂ ಕಾಯಲಿಲ್ಲ.

ಜನವರಿ ಇಪ್ಪತ್ತೊಂಬತ್ತು ಅಮಾವಾಸ್ಯೆ. ಮಾವ ಅಮಾವಾಸ್ಯೆಗೆ ಗಿರಣಿ ಹಚ್ಚುವುದಿಲ್ಲ. ಮಷೀನಿಗೆ ಕಾಯಿ ಒಡೆದು, ಬಾಗಿಲಿಗೆ ಕೀಲಿ ಹಾಕಿ ಹೊಲಕ್ಕೆ ಹೋಗುತ್ತಾರೆ. ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ, ತಾವೂ ನೋಡಿದ್ದೀರಿ. ಕಾರ್ಡಿನಲ್ಲಿ ಆ ದಿನವೂ ಎರಡು ಹೊತ್ತು ವೋಲ್ಟೇಜ್ ಇಳಿದಿದೆ. ಮುಚ್ಚಿದ ಗಿರಣಿ ಕರೆಂಟನ್ನು ಹೇಗೆ ಜಗ್ಗುತ್ತದೆ ಸರ್?

ಶಾಲೆಯ ಪ್ರಯೋಗಾಲಯದಲ್ಲಿ ಮಲ್ಟಿಮೀಟರ್ ಇದೆಯಲ್ಲ. ಬೆಳಗ್ಗೆ ಹತ್ತೂವರೆಗೆ ಪೆಟ್ಟಿಗೆಯ ಪಕ್ಕದಲ್ಲೇ ಅದನ್ನೂ ಹಚ್ಚಿ ಒಂದೇ ಒಂದು ಸಲ ನೋಡಿ. ಅಲ್ಲಿಯವರೆಗೆ ಗುಡಿಯ ಕಟ್ಟೆಯ ಮೇಲಿನ ಹಾಳೆ ಕಿತ್ತುಹಾಕಿ. ಒಂದು ಪ್ರಯೋಗದಲ್ಲಿ ಒಂದೇ ಸಂಗತಿ ಬದಲಿಸಬೇಕು, ಉಳಿದದ್ದೆಲ್ಲ ಹಾಗೇ ಇರಬೇಕು ಎಂದು ಕಲಿಸಿದವರು ತಾವು.

ದಾನೇಶ್ವರಿ

*

ಬನ್ನಿಗೇರಿ
27 ಫೆಬ್ರವರಿ 2025

ದಾನೇಶ್ವರಿ,

ಆಶೀರ್ವಾದ ಬರೆಯುವ ಮನಸ್ಸಿಲ್ಲ, ಆದ್ದರಿಂದ ನೇರವಾಗಿ ವಿಷಯಕ್ಕೆ.

ಭಾನುವಾರ ಇಪ್ಪತ್ಮೂರಕ್ಕೆ ಕಟ್ಟೆಯ ಮೇಲೆ ಹಿರಿಯರು ಕೂಡಿದರು. ನಿನ್ನ ಮಾವನನ್ನು ಕರೆಸಿದರು. ನಾನು ಗ್ರಾಫ್ ವಿವರಿಸಿದೆ. ಹತ್ತು ನಿಮಿಷ ಮಾತಾಡಿದೆ, ಯಾರೂ ಕೆಮ್ಮಲೂ ಇಲ್ಲ. ನನ್ನ ವರ್ಗದಲ್ಲಿ ಅಷ್ಟು ಶಿಸ್ತು ಎಂದೂ ಇರಲಿಲ್ಲ. ಮೋಟಾರು ಸಣ್ಣದು ಮಾಡು, ಇಲ್ಲವೇ ಗಿರಣಿ ಬಂದ್ ಮಾಡು ಎಂದರು. ಅವನು ಒಂದೇ ಮಾತು ಕೇಳಿದ: "ಮಾಸ್ತರ, ನೀವು ನನ್ನ ಮೋಟಾರ್ ನೋಡೀರೇನ್ರಿ?" ನೋಡುವ ಅಗತ್ಯ ಇಲ್ಲ, ಹರಳು ನೋಡಿದೆ ಎಂದೆ. ಕಟ್ಟೆ ನಕ್ಕಿತು.

ಅವನು ಎದ್ದು ಹೋದ. ನಾನು ಮನೆ ಮುಟ್ಟುವಷ್ಟರಲ್ಲಿ ಅಲ್ಲಿಗೇ ಹೊರಳಿ ಬಂದ, ಹೆಗಲ ಮೇಲೆ ಗಿರಣಿಯ ಪಟ್ಟಾ ಇತ್ತು. ಮೋಟಾರಿನಿಂದ ಬೀಸುವ ಕಲ್ಲಿಗೆ ಸುತ್ತಿದ ಆ ಉದ್ದನೆಯ ಕರಿ ಪಟ್ಟಾ, ನಿನಗೆ ಗೊತ್ತಿರುವಂಥದೇ. ಅದನ್ನು ತಂದು ನಮ್ಮ ಮನೆಯ ಕಟ್ಟೆಯ ಮೇಲೆ ಒಗೆದು, "ಇದನ್ನ ನಿಮ್ಮ ಪೆಟ್ಟಿಗಿ ಬಾಜೂಕ ತೂಗ ಹಾಕ್ರಿ. ಊರಿಗೆ ಕಳ್ಳ ಆದಮ್ಯಾಲ ನನಗ್ಯಾಕ ಗಿರಣಿ" ಎಂದು ಹೋದ. ನಾಟಕದವನು.

ಈಗ ಕೇಳು. ಪಟ್ಟಾ ಬಿಚ್ಚಿ ನಾಲ್ಕು ದಿನವಾಯಿತು. ಮಾರನೇ ದಿನ ವೋಲ್ಟೇಜ್ ನೆಟ್ಟಗಿತ್ತು, ಇಡೀ ದಿನ ಇನ್ನೂರಾ ಮೂವತ್ತು. ನಾನು ಓಣಿಯಲ್ಲಿ ಪೇಡೆ ಹಂಚಿದೆ. ಅದರ ಮಾರನೇ ದಿನದಿಂದ ಮತ್ತೆ ಅದೇ ಹೊತ್ತಿಗೆ ಅದೇ ಗುಂಡಿ. ಅರ್ಥ ಇಷ್ಟೇ: ಒಂದು ದಿನ ಹೆದರಿದ, ಆಮೇಲೆ ಬೇರೆ ಪಟ್ಟಾ ಹಾಕಿಕೊಂಡು ಬಾಗಿಲು ಮುಚ್ಚಿ ಒಳಗೆ ನಡೆಸುತ್ತಿದ್ದಾನೆ. ಅಮಾವಾಸ್ಯೆಯದೂ ಅದೇ ಕಥೆ. ಕಾಯಿ ಒಡೆಯುವುದು ಮುಂಬಾಗಿಲಲ್ಲಿ, ಬೀಸುವುದು ಹಿಂಬಾಗಿಲಲ್ಲಿ. ಇದನ್ನೂ ಕಟ್ಟೆಯ ಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದೇನೆ. ಕಳ್ಳ ಎಂಬ ಶಬ್ದವನ್ನೇ ಬಳಸಿದ್ದೇನೆ.

ಹೆಂಗಸರು ಈಗ ಜೋಳದ ಡಬ್ಬಿ ಹೊತ್ತು ಪಕ್ಕದ ಮಸೂತಿ ಊರಿನ ಗಿರಣಿಗೆ ಹೋಗುತ್ತಾರೆ. ಅಲ್ಲಿಯ ಹಿಟ್ಟು ಉರುಟು, ತರಿತರಿ, ಭಕ್ಕರಿ ತಟ್ಟಿದರೆ ರೊಟ್ಟಿಯ ಅಂಚು ಒಡೆಯುತ್ತದೆ ಎಂದು ಅಂಬಕ್ಕ ನನ್ನ ತಲೆ ಒಡೆಯುತ್ತಿದ್ದಾಳೆ. ಸತ್ಯಕ್ಕಾಗಿ ಸ್ವಲ್ಪ ಉರುಟು ತಿನ್ನಬೇಕು ಎಂದೆ.

ಮಲ್ಟಿಮೀಟರ್ ಹಚ್ಚು ಎನ್ನುತ್ತೀಯಲ್ಲ, ನೀನು ಮಾಡಿದ ಪೆಟ್ಟಿಗೆಯನ್ನು ನೀನೇ ನಂಬುವುದಿಲ್ಲವೇ? ಎಲ್ಲಿಯವರೆಗೆ ನಂಬುತ್ತಿದ್ದೆ? ನಿನ್ನ ಮಾವನ ಹೆಸರು ಬರುವವರೆಗೆ. ಹಿಟ್ಟು ಜಡೆಗೆ ಮೆತ್ತಿದೆ ಎಂದುಕೊಂಡಿದ್ದೆ, ಕಣ್ಣಿಗೂ ಮೆತ್ತಿದೆ. ನಿನ್ನೆ ನೀನು ಮೂರು ಸಲ ಫೋನ್ ಮಾಡಿದ್ದನ್ನು ನೋಡಿದೆ. ನಂಬರ್ ಬ್ಲಾಕ್ ಮಾಡಿದ್ದೇನೆ. ಅಂಚೆಯವನನ್ನು ಬ್ಲಾಕ್ ಮಾಡುವ ಬಟನ್ ಇನ್ನೂ ಬಂದಿಲ್ಲ, ಆದ್ದರಿಂದ ಬರೆಯಬೇಕಾದರೆ ಬರೆ.

ಹೃಷೀಕೇಶ

*

ಬನ್ನಿಗೇರಿ
12 ಮಾರ್ಚ್ 2025

ಮೂರನೇ ಕಾರ್ಡು ಇದರಲ್ಲಿದೆ. ಎರಡು ವಾರವಾಯಿತು, ನಿನ್ನಿಂದ ಉತ್ತರ ಇಲ್ಲ. ಕಂಪನ ಅಳೆಯುವವಳಿಗೆ ಈಗ ಕಂಪನ ಹುಟ್ಟಿರಬೇಕು.

ಹೃ.

*

ಇಂಡಿ
15 ಮಾರ್ಚ್ 2025

ಸರ್,

ಉತ್ತರ ಬರೆಯಲಿಲ್ಲ, ಏಕೆಂದರೆ ಸಿಂದಗಿಗೆ ಹೋಗಿದ್ದೆ. ಮಾವ ಅಲ್ಲಿದ್ದಾರೆ. ಹಿಟ್ಟಿನ ಗಿರಣಿಯೊಂದರಲ್ಲಿ ಚೀಲ ಹೊರುವ ಕೆಲಸಕ್ಕೆ ನಿಂತಿದ್ದಾರೆ. ಇಪ್ಪತ್ತಾರು ವರ್ಷ ತಮ್ಮದೇ ಗಿರಣಿ ನಡೆಸಿದವರು ಈಗ ಇನ್ನೊಬ್ಬರ ಗಿರಣಿಯಲ್ಲಿ, "ಏ ಗುರಲಿಂಗ, ಕಸ ಹೊಡಿ" ಎನ್ನಿಸಿಕೊಳ್ಳುವುದನ್ನು ಬಾಗಿಲಲ್ಲಿ ನಿಂತು ಕೇಳಿದೆ. ನನ್ನನ್ನು ನೋಡಿ ಅವರು ಪೊರಕೆ ಹಿಂದೆ ಮುಚ್ಚಿಕೊಂಡರು. ಫೆಬ್ರವರಿ ಇಪ್ಪತ್ತಾರರಿಂದ ಅಲ್ಲಿಯೇ ಇದ್ದಾರೆ. ಹಾಗಾದರೆ ಹಿಂಬಾಗಿಲಲ್ಲಿ ಬೀಸುತ್ತಿರುವವರು ಯಾರು? ಪಟ್ಟಾ ತಮ್ಮ ಮನೆಯಲ್ಲಿದೆ, ಮಾಲಕ ಸಿಂದಗಿಯಲ್ಲಿದ್ದಾನೆ, ಗುಂಡಿ ಮಾತ್ರ ದಿನಾ ಎರಡು ಹೊತ್ತು ಬೀಳುತ್ತಲೇ ಇದೆ.

ನನ್ನ ಕಣ್ಣಿಗೆ ಹಿಟ್ಟು ಮೆತ್ತಿದೆ ಎಂದು ಬರೆದಿರಿ. ಇರಬಹುದು. ಅದಕ್ಕೇ ನನ್ನ ಕಣ್ಣು ಬಿಟ್ಟು ಬರೀ ತಾರೀಖು ನೋಡಿದೆ. ಮೂರೂ ಕಾರ್ಡುಗಳಲ್ಲಿ ವೋಲ್ಟೇಜ್ ಇಳಿಯದ ದಿನಗಳು ನಾಲ್ಕೇ ನಾಲ್ಕು: ಜನವರಿ ಇಪ್ಪತ್ತೈದು, ಫೆಬ್ರವರಿ ಎಂಟು, ಫೆಬ್ರವರಿ ಇಪ್ಪತ್ನಾಲ್ಕು, ಮಾರ್ಚ್ ಹತ್ತು. ತಾವು ಪೇಡೆ ಹಂಚಿದ ದಿನವೂ ಇದರಲ್ಲಿದೆ. ಸಂತೆಯ ದಿನವೋ ಎಂದು ನೋಡಿದೆ, ವಾರ ಹೊಂದಲಿಲ್ಲ. ಕರೆಂಟ್ ಹೋದ ದಿನವೋ ಎಂದು ನೋಡಿದೆ, ಅಲ್ಲ. ಕಡೆಗೆ ನಮ್ಮ ರೂಮಿನ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ತಿಥಿ ನೋಡಿದೆ.

ನಾಲ್ಕೂ ಏಕಾದಶಿ.

ಮಾವ ಏಕಾದಶಿ ಮಾಡುವವರಲ್ಲ. ಮೊದಲ ಎರಡು ಏಕಾದಶಿಗೆ ಗಿರಣಿ ನಡೆದಿತ್ತು, ಊರಿನಲ್ಲಿ ಯಾರನ್ನಾದರೂ ಕೇಳಿ. ಬನ್ನಿಗೇರಿಯಲ್ಲಿ ಏಕಾದಶಿ ಕಟ್ಟುನಿಟ್ಟಾಗಿ ಮಾಡುವ ಮನೆ ನನಗೆ ಗೊತ್ತಿದ್ದಂತೆ ಒಂದೇ.

ಸರ್, ಪೆಟ್ಟಿಗೆಯನ್ನು ಎಲ್ಲಿ ತೂಗುಹಾಕಿದ್ದೀರಿ?

ದಾನೇಶ್ವರಿ

*

ಬನ್ನಿಗೇರಿ
20 ಮಾರ್ಚ್ 2025

ದಾನೇಶ್ವರಿ,

ನಿನ್ನ ಪತ್ರ ಓದಿ ಮೊದಲು ಹರಿದೆ. ಆಮೇಲೆ ಚೂರುಗಳನ್ನು ಆರಿಸಿ ಜೋಡಿಸಿ ಮತ್ತೆ ಓದಿದೆ. ಕಡೆಯ ಸಾಲು ಎರಡು ಚೂರಾಗಿತ್ತು, ಆದರೂ ಸರಿಯಾಗಿ ಚುಚ್ಚಿತು.

ಒಲೆಯ ಮೇಲೆ. ಅಡಿಗೆಮನೆಯಲ್ಲಿ, ಒಲೆಯ ಮೇಲಿನ ಗೋಡೆಗೆ. ಮಿಕ್ಸರಿನ ಪ್ಲಗ್ ಅಲ್ಲಿಯೇ ಇದೆ. ನೀನು ಒಣ ಜಾಗ ಎಂದಿದ್ದೆ. ಹಪ್ಪಳ, ಉಪ್ಪು, ಬೆಂಕಿಪೊಟ್ಟಣ, ಎಲ್ಲ ನಾವು ಇಡುವುದೇ ಅಲ್ಲಿ. ಮನೆಗೆ ಗ್ಯಾಸ್ ಬಂದು ಹತ್ತು ವರ್ಷವಾದರೂ ಅಂಬಕ್ಕ ಭಕ್ಕರಿಯನ್ನು ಮಾತ್ರ ತೊಗರಿ ಕಟ್ಟಿಗೆಯ ಒಲೆಯ ಮೇಲೆಯೇ ಬಡಿಯುತ್ತಾಳೆ. ಬೆಳಗ್ಗೆ ಒಂಬತ್ತರಿಂದ ಹತ್ತೂವರೆ, ಸಂಜೆ ಆರೂವರೆಯಿಂದ ಎಂಟು. ಊರ ಹೆಂಗಸರು ಬೀಸಿಸಲು ಹೋಗುವುದೂ ಭಕ್ಕರಿಯ ಹೊತ್ತಿಗೇ ಅಲ್ಲವೇ.

ಏಕಾದಶಿಗೆ ಒಲೆ ಹಚ್ಚುತ್ತೀಯೇನು ಎಂದು ಅವಳನ್ನು ಕೇಳಿದೆ. ಕೇಳಬಾರದಿತ್ತು. "ಐವತ್ತು ವರ್ಷ ಆತು, ಏಕಾದಶಿ ದಿನ ಈ ಮನ್ಯಾಗ ಒಲಿ ಹತ್ತಿಲ್ಲ. ಅದು ನಿನಗ ಇವತ್ತ ಗೊತ್ತಾತು? ಹಂಗಾರ ಆವತ್ತ ನೀ ಎಲ್ಲೆ ಉಂಡ ಬರ್ತಿದ್ದಿ, ಅದನ್ನಷ್ಟ ಹೇಳು" ಎಂದಳು. ಬಾಗೇವಾಡಿಯ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ, ಅಲ್ಲೇ ಊಟ. ಮೂವತ್ತು ವರ್ಷ ಮುಚ್ಚಿಟ್ಟ ಗುಟ್ಟನ್ನು ನಿನ್ನ ಹರಳು ಬಯಲು ಮಾಡಿತು. ಪ್ರತಿ ಯುಗಾದಿಗೆ ಗುಡಿಯ ಕಟ್ಟೆಯ ಮೇಲೆ ಕುಳಿತು ಊರಿಗೆಲ್ಲ ಪಂಚಾಂಗ ಓದಿ ಹೇಳುವವನು ನಾನು. ತಿಥಿ ನೋಡಿ ಪರರಿಗೆ ಹೇಳುತ್ತೇನೆ, ನನಗೆ ತಿಥಿ ತಟ್ಟುವುದಿಲ್ಲ.

ನಿನ್ನೆ ಶಾಲೆಗೆ ರಜೆ ಹಾಕಿ ನೀನು ಹೇಳಿದ್ದನ್ನು ಮಾಡಿದೆ. ಒಂದು ತಿಂಗಳು ತಡವಾಗಿ. ಪೆಟ್ಟಿಗೆಯನ್ನು ಒಲೆಯ ಮೇಲೆಯೇ ಬಿಟ್ಟು ಪಕ್ಕದಲ್ಲಿ ಮಲ್ಟಿಮೀಟರ್ ಹಚ್ಚಿದೆ. ಅಂಬಕ್ಕ ಎಂಟು ಭಕ್ಕರಿ ಬಡಿದಳು. ಮೊದಲನೆಯದಕ್ಕೆ ಪೆಟ್ಟಿಗೆ ಇನ್ನೂರಾ ಇಪ್ಪತ್ತಾರು ಎಂದಿತು, ನಾಲ್ಕನೆಯದಕ್ಕೆ ಇನ್ನೂರಾ ಹದಿನೈದು, ಎಂಟನೆಯದಕ್ಕೆ ನೂರಾ ತೊಂಬತ್ತೊಂಬತ್ತು. ಮಲ್ಟಿಮೀಟರ್ ಮೊದಲಿನಿಂದ ಕಡೆಯವರೆಗೂ ಇನ್ನೂರಾ ಮೂವತ್ತು. ಸಂಜೆ ಪೆಟ್ಟಿಗೆಯನ್ನು ತಂದು ಪಡಸಾಲೆಯಲ್ಲಿ ಇಟ್ಟೆ. ಒಳಗೆ ಒಲೆ ಉರಿಯಿತು, ಪೆಟ್ಟಿಗೆ ಅಲುಗಲಿಲ್ಲ.

ಊರ ಕಟ್ಟೆಯ ಮೇಲೆ ನಾನು ಎರಡೂವರೆ ಮೊಳ ಗ್ರಾಫ್ ಅಂಟಿಸಿದ್ದು ನಮ್ಮಕ್ಕನ ಭಕ್ಕರಿಯದು.

ಈಗ ನನ್ನ ಸಿಟ್ಟು ಕೇಳು. ಬಿಸಿ ತಾಗಿದರೆ ನಿನ್ನ ಹರಳಿಗೆ ತಲೆ ತಿರುಗುತ್ತದೆ ಎಂದು ಚೀಟಿಯಲ್ಲಿ ಒಂದು ಸಾಲು ಬರೆಯಲು ನಿನಗೆ ಏನು ಧಾಡಿಯಾಗಿತ್ತು? ಇಲಿ ನೆನಪಾಯಿತು, ತೇವ ನೆನಪಾಯಿತು, ಬೆಂಕಿ ನೆನಪಾಗಲಿಲ್ಲವೇ? ಹರಳನ್ನು ನಂಬಿ ನಾನು ಮರುಳಾದೆ. ಇಲ್ಲ, ಈ ಶ್ಲೇಷೆಯೂ ಈಗ ನಾಲಿಗೆಯ ಮೇಲೆ ಕಹಿಯಾಗುತ್ತಿದೆ.

ಹೃಷೀಕೇಶ

*

ಇಂಡಿ
24 ಮಾರ್ಚ್ 2025

ಸರ್,

ಧಾಡಿ ಏನು ಎಂದು ಕೇಳಿದಿರಿ. ಹೇಳುತ್ತೇನೆ.

ಹರಳಿಗೆ ಇಪ್ಪತ್ತೈದು ಡಿಗ್ರಿ ಹಿತ. ಅದಕ್ಕಿಂತ ಬಿಸಿಯಾದರೂ ನಿಧಾನ, ತಣ್ಣಗಾದರೂ ನಿಧಾನ. ಇದು ಪುಸ್ತಕದಲ್ಲೇ ಇದೆ. ನಮ್ಮ ಪ್ರಯೋಗಾಲಯಕ್ಕೆ ಎ.ಸಿ. ಇದೆ, ಯಾವಾಗಲೂ ಇಪ್ಪತ್ತೈದರ ಆಸುಪಾಸು. ಹಾಗಾಗಿ ಪೆಟ್ಟಿಗೆ ಎಂದೂ ತಪ್ಪಲಿಲ್ಲ, ನಾನೂ ಬಿಸಿಯ ಪರೀಕ್ಷೆಯನ್ನು ಮುಂದೆ ಹಾಕುತ್ತ ಬಂದೆ. ಬಾಕಿ ಇದ್ದ ಸಣ್ಣ ಪರೀಕ್ಷೆ ಎಂದು ಜನವರಿಯಲ್ಲಿ ಬರೆದಿದ್ದೆನಲ್ಲ, ಅದೇ ಇದು. ನಿಮಗೆ ಆ ಪತ್ರ ಬರೆಯುವ ನಾಲ್ಕು ದಿನ ಮೊದಲು ಎ.ಸಿ. ಕೆಟ್ಟಿತ್ತು. ಮಧ್ಯಾಹ್ನ ಇಲ್ಲಿ ಉಳಿಸಿಕೊಂಡ ಇನ್ನೊಂದು ಪೆಟ್ಟಿಗೆ, ಕಿಟಕಿಯ ಬಿಸಿಲು ಬಿದ್ದು, ಎಂಟು ವೋಲ್ಟ್ ಇಳಿದು ತೋರಿಸಿತು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಪುಟ ತಿರುವಿದೆ. ಮಾರನೇ ವಾರ ನನ್ನ ಗೈಡ್ ನೋಡಲು ಬರುವವರಿದ್ದರು.

ತಮ್ಮ ಫೆಬ್ರವರಿಯ ಪತ್ರ ಬಂದಾಗ ಆ ಪುಟ ನೆನಪಾಯಿತು. ಆದರೂ ಅಮಾವಾಸ್ಯೆಯ ಬಗ್ಗೆ ಬರೆದೆ, ಬಿಸಿಯ ಬಗ್ಗೆ ಬರೆಯಲಿಲ್ಲ. ಬರೆದರೆ ಮಾವನ ಪಕ್ಷ ವಹಿಸಿದಳು ಎನ್ನುತ್ತಾರೆ ಎಂದು ನನಗೆ ನಾನೇ ನೆವ ಹೇಳಿಕೊಂಡೆ. ತಾವು ಅಂದದ್ದೂ ಹಾಗೆಯೇ. ಆದರೆ ತಾವು ಅನ್ನುವ ಮೊದಲೇ ನಾನು ಬಾಯಿ ಮುಚ್ಚಿಕೊಂಡಿದ್ದೆ. ಪೆಟ್ಟಿಗೆ ತಪ್ಪು ಎಂದರೆ ನನ್ನ ನಾಲ್ಕು ವರ್ಷವೂ ತಪ್ಪಾಗುತ್ತಿತ್ತು. ಮಾವನಿಗಿಂತ ಪಿಎಚ್.ಡಿ. ಭಾರ ತೂಗಿತು. ಮೊನ್ನೆ ಸಿಂದಗಿಯಲ್ಲಿ ಆ ಪೊರಕೆ ನೋಡಿದಾಗಿನಿಂದ ನನ್ನ ಮೇಲೆ ನನಗೆ ಬಂದಿರುವ ಸಿಟ್ಟನ್ನು ಅಳೆಯುವ ಪೆಟ್ಟಿಗೆಯನ್ನು ಯಾರೂ ಮಾಡಿಲ್ಲ.

ಆದರೆ ನನ್ನ ತಪ್ಪಿನ ಮರೆಯಲ್ಲಿ ತಾವು ಅಡಗಬೇಡಿ. ಮಾವ ನಿಮ್ಮನ್ನು ಮೋಟಾರ್ ನೋಡಿದ್ದೀರಾ ಎಂದು ಕೇಳಿದರು. ಗಿರಣಿ ನಿಮ್ಮ ಮನೆಯಿಂದ ಐವತ್ತು ಹೆಜ್ಜೆ. ನನ್ನ ಚೀಟಿಯಲ್ಲಿ ಬಿಸಿ ಎಂಬ ಶಬ್ದ ಇರಲಿಲ್ಲ ನಿಜ, ಕಳ್ಳ ಎಂಬ ಶಬ್ದವೂ ಇರಲಿಲ್ಲ. ಅದನ್ನು ಬರೆದವರು ತಾವು.

ಮೂವತ್ತನೇ ತಾರೀಖು ಯುಗಾದಿ. ಮಾವ ಹಬ್ಬಕ್ಕೆ ಊರಿಗೆ ಬರುತ್ತಾರೆ. ಅದೇ ಕಟ್ಟೆ, ಅದೇ ಜನ. ತಾವು ಹೇಳುತ್ತೀರೋ, ನಾನು ಬಂದು ಹೇಳಲೋ? ತಾವು ಹೇಳದಿದ್ದರೆ ನಾನು ಬರುವುದು ನಿಶ್ಚಿತ, ತಮ್ಮ ಶಿಷ್ಯಳಾಗಿ ಅಲ್ಲ.

ದಾನೇಶ್ವರಿ

*

ಬನ್ನಿಗೇರಿ
8 ಏಪ್ರಿಲ್ 2025

ಚಿ. ದಾನೇಶ್ವರಿಗೆ,

ನೀನು ಬರಲಿಲ್ಲ, ಒಳ್ಳೆಯದಾಯಿತು. ಬಂದಿದ್ದರೆ ನಿನ್ನ ಮುಖ ನೋಡಿಕೊಂಡು ನಾನು ಅರ್ಧ ತಪ್ಪನ್ನು ನಿನ್ನ ಕಡೆಗೆ ಜಾರಿಸುತ್ತಿದ್ದೆ. ಪಂಚಾಂಗ ಓದುವಾಗ ಪೂರ್ತಿ ನನ್ನ ಕೈಯಲ್ಲೇ ಉಳಿಯಿತು.

ಮಳೆ ಎಷ್ಟು, ಬೆಳೆ ಎಷ್ಟು, ಎಲ್ಲ ಓದಿದೆ. ಆಮೇಲೆ ಹಿಂದಿನ ವರ್ಷದ ಪಂಚಾಂಗ ತೆಗೆದು ಆ ನಾಲ್ಕು ಏಕಾದಶಿಗಳನ್ನು ಓದಿದೆ. ಜನ ಕಣ್ಣು ಕಣ್ಣು ಬಿಟ್ಟರು. ಕೆಂಪು ಗ್ರಾಫ್ ಕಿತ್ತು, ಇದು ಗಿರಣಿಯ ಗುಂಡಿ ಅಲ್ಲ, ನಮ್ಮ ಮನೆಯ ಒಲೆಯ ಗುಂಡಿ ಎಂದೆ. ಗುರಲಿಂಗಪ್ಪ ಒಂದು ಯುನಿಟ್ ಕರೆಂಟನ್ನೂ ಕದ್ದಿಲ್ಲ, ಅವನ ಹೆಸರು ಕದ್ದವನು ನಾನು ಎಂದೆ. ನಿನ್ನ ಹೆಸರು ತೆಗೆಯಲಿಲ್ಲ. ನಿನ್ನ ಪಾಲಿನದನ್ನು ನೀನು ನಿನ್ನ ಗೈಡಿಗೆ ಹೇಳಿಕೋ. ಮತ್ತೆ ಯಾರೂ ಕೆಮ್ಮಲಿಲ್ಲ. ಎರಡನೇ ಸಲದ ಆ ಶಿಸ್ತು ನನಗೆ ಬೇಡವಾಗಿತ್ತು. ರಾವಸಾಬ ಮಾತ್ರ, ಹಂಗಾರ ನನ್ನ ಎಮ್ಮಿ ಯಾಕ ಹಾಲು ಏರಸತಿತ್ತು ಎಂದು ಗೊಣಗಿದ.

ನಿನ್ನ ಮಾವ ಹಿಂದಿನ ಸಾಲಿನಲ್ಲಿ ಟವೆಲ್ ಹೊದ್ದು ಕುಳಿತಿದ್ದ. ಬೇವು ಬೆಲ್ಲ ಕೊಟ್ಟರೆ ತೆಗೆದುಕೊಂಡು ಎದ್ದು ಹೋದ. ಬೈದಿದ್ದರೆ ಒಂದು ಲೆಕ್ಕಕ್ಕೆ ಸಮಾಧಾನವಾಗುತ್ತಿತ್ತು. ಬೈಯದ ಮನುಷ್ಯನ ಮುಂದೆ ನಿಂತು ಯಾವ ಮಾತಿನ ಚಮತ್ಕಾರ ಮಾಡುವುದು?

ಮಾರನೇ ದಿನ ಬೆಳಗ್ಗೆ ಎಲ್ಲರೂ ಎದ್ದು ಓಡಾಡುವ ಹೊತ್ತಿಗೆ ಪಟ್ಟಾ ಹೆಗಲ ಮೇಲೆ ಹಾಕಿಕೊಂಡು ಹೊರಟೆ. ಐದು ವಾರ ಅಂಬಕ್ಕ ಅದನ್ನು ದಿನಾ ಒರೆಸಿ ಇಟ್ಟಿದ್ದಳು. ಒಂದು ಸಲವೂ ಯಾಕೆ ಎಂದು ನಾನು ಕೇಳಿರಲಿಲ್ಲ. ಐವತ್ತು ಹೆಜ್ಜೆ ಎಂದು ಬರೆದಿದ್ದೆಯಲ್ಲ, ಎಣಿಸಿದೆ. ನಲವತ್ತಾರು. ಅಷ್ಟರಲ್ಲಿ ಹೆಗಲು ಕೆಂಪಾಗಿತ್ತು. ಅವನು ಪಟ್ಟಾ ಇಳಿಸಿಕೊಂಡು, ಒಳಗೆ ಕರೆದು, ಮೊದಲು ಮೋಟಾರಿನ ಮುಂದೆ ನಿಲ್ಲಿಸಿದ. ಅದರ ಮೇಲಿನ ತಗಡಿನ ಬರಹವನ್ನು ಜೋರಾಗಿ ಓದಿಸಿದ. ಓದಿದೆ. ಮೀಟರಿಗೆ ಬರೆಸಿದ್ದಕ್ಕಿಂತ ಚಿಕ್ಕದು. ಪಟ್ಟಾ ಸುತ್ತಿ ಸ್ವಿಚ್ ಹಾಕಿದ, ಗಿರಣಿ ಹೊರಳಿತು. ಇನ್ನು ಸಿಂದಗಿಗೆ ಹೋಗುವುದಿಲ್ಲವಂತೆ.

ಎರಡು ದಿನ ಬಿಟ್ಟು ಅಂಬಕ್ಕ ಜೋಳದ ಡಬ್ಬಿ ಕೊಟ್ಟು ಕಳಿಸಿದಳು. ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಅವನು ಡಬ್ಬಿಯನ್ನು ಕಾಲಿನಿಂದ ಮೆಲ್ಲಗೆ ನನ್ನ ಕಡೆಗೇ ಸರಿಸಿದ. ಊರ ಹೆಂಗಸರೆಲ್ಲ ಕೇಳುವ ಹಾಗೆ ಹೇಳಿದ:

"ಮಾಸ್ತರ, ನಿಮ್ಮ ಜ್ವಾಳ ಇನ್ನ ಏಕಾದಶಿಗಷ್ಟ ಬೀಸ್ತೇನ್ರಿ. ಆ ದಿನ ವೋಲ್ಟೇಜ್ ಛಲೋ ಇರ್ತೈತಲ್ರಿ."

ಮೂವತ್ತೊಂದು ವರ್ಷದಲ್ಲಿ ನಾನು ಈ ಊರಿನಲ್ಲಿ ಎಷ್ಟು ಜನರನ್ನು ನಗಿಸಿದ್ದೇನೋ ಅಷ್ಟೂ ಜನ ಒಮ್ಮೆಗೇ ನಕ್ಕರು. ಅವನು ಮಾತ್ರ ನಗಲಿಲ್ಲ. ಡಬ್ಬಿ ಹೊತ್ತು ಮನೆಗೆ ಬಂದೆ. ಅಂಬಕ್ಕ ಕೇಳಿ, "ಬರೋಬ್ಬರಿ ಆತು" ಎಂದಳು.

ನಮ್ಮ ಫ್ರಿಜ್ ಯಾಕೆ ಸುಟ್ಟಿತು ಎಂಬುದು ಇನ್ನೂ ಗೊತ್ತಿಲ್ಲ. ಅದರ ಆಯುಷ್ಯವೇ ತೀರಿತ್ತೋ ಏನೋ. ಆಫೀಸಿನವರು ಹೇಳಿದ್ದೇ ನಿಜವಾಗಿದ್ದರೆ ಎಂದು ನೆನೆದಾಗೆಲ್ಲ ಮೈ ಉರಿಯುತ್ತದೆ. ನಿನ್ನ ಪೆಟ್ಟಿಗೆಯನ್ನು ಅದು ಬಂದ ಬಸ್ಸಿಗೇ ಕೊಟ್ಟು ಕಳಿಸಿದ್ದೇನೆ. ಚೀಟಿಯನ್ನೂ ಒಳಗಿಟ್ಟಿದ್ದೇನೆ. ಒಣ ಜಾಗ ಎಂಬುದರ ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಸಾಲು ಸೇರಿಸಿದ್ದೇನೆ, ಓದಿಕೋ.

ಈ ಪತ್ರವನ್ನು ಗಿರಣಿಯ ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಹತ್ತೂವರೆಯಾಗಿದೆ. ಒಳಗೆ ನಮ್ಮ ಜೋಳ ಬೀಳುತ್ತಿದೆ, ಬಿಸಿ ಹಿಟ್ಟಿನ ವಾಸನೆ ಹೊರಗೆ ಬರುತ್ತಿದೆ, ನಿನ್ನೆ ರಾತ್ರಿಯಿಂದ ಹೊಟ್ಟೆಯಲ್ಲಿ ಏನೂ ಇಲ್ಲ. ಇವತ್ತು ಏಕಾದಶಿ. ಈ ಸಲ ಯಾರೂ ನನಗೆ ನೆನಪಿಸಬೇಕಾಗಲಿಲ್ಲ.

ಹೃಷೀಕೇಶ ಮಾಸ್ತರ